ವೇಗಕ್ಕೆ ಕಡಿವಾಣ, ಮನೆಯೊಡೆಯರಿಗೆ ವಂತಿಗೆ

ಮನೆಯ ಮುಂದಿನ ಬೀದಿಯಲ್ಲಿ ವಾಹನಗಳು ಮೆಲ್ಲಗೆ ಸಾಗಬೇಕು. ಸರಿ, ಹಣ ಯಾರದು? ‘ಬೀದಿಯ ಇಕ್ಕೆಲದ ಸ್ವತ್ತುದಾರರದು’ ಎನ್ನುತ್ತದೆ ಅಮೆರಿಕದ ಒಂದು ಹಳೆಯ ನ್ಯಾಯ. ಹಣ ಕೊಟ್ಟವನಿಗೆ ಮತ. ಕೊಟ್ಟ ಹಣದಷ್ಟೇ ಮತಕ್ಕೆ ತೂಕ. ಹಾಗಾದರೆ ಆ ಬೀದಿಯಲ್ಲಿ ನಡೆದು ಹೋಗುವವನ ಗತಿ?

ಕ್ಯಾಲಿಫೋರ್ನಿಯದ ಯಾವುದೋ ಒಂದು ಪಟ್ಟಣ, ಪುರಸಭೆಯ ಸಭಾಂಗಣ, ರಾತ್ರಿಯೂಟದ ಹೊತ್ತು ಮೀರಿದ್ದರೂ ಎದ್ದು ಹೋಗದೆ ಮಡಚು ಕುರ್ಚಿಗಳ ಮೇಲೆ ಕುಳಿತಿರುವ ಒಂದು ಬೀದಿಯ ಜನ. ಅವರ ಬೀದಿ ಅಗಲವಾದುದು, ನೇರವಾದುದು, ಎರಡು ದೊಡ್ಡ ರಸ್ತೆಗಳ ನಡುವೆ ಅಡ್ಡದಾರಿಯಾಗಿ ಒದಗತಕ್ಕದ್ದು; ಆದುದರಿಂದಲೇ ಕಚೇರಿಯ ವೇಳೆಗೆ ತಡವಾದವರೆಲ್ಲರ ಕಾರುಗಳೂ ಅಲ್ಲಿಯೇ ನುಗ್ಗುತ್ತವೆ. ಆ ಬೀದಿಗೆ ವೇಗ ತಡೆಯುವ ನಾಲ್ಕು ರಸ್ತೆಯುಬ್ಬುಗಳನ್ನು ಹಾಕಿಸಬೇಕೆಂಬುದು ಪ್ರಸ್ತಾಪ. ಅದರ ವೆಚ್ಚವನ್ನು ಇಕ್ಕೆಲದ ಸ್ವತ್ತುಗಳ ಮೇಲೆ ಹಂಚಬೇಕೆಂಬುದು ಅದರ ಬಾಲ.

ಅಹವಾಲುಗಳು ಮುಗಿದುವು. ಪುರಸಭೆಯ ಗುಮಾಸ್ತೆ ಮೊಹರಾದ ಲಕೋಟೆಗಳನ್ನು ಎಲ್ಲರೆದುರಿಗೂ ಒಂದೊಂದಾಗಿ ಕತ್ತರಿಸಿ, ಎಣಿಸಿ, ಫಲಿತಾಂಶವನ್ನು ಓದುತ್ತಾಳೆ: ಪರವಾಗಿ 2,640 ಡಾಲರು, ವಿರೋಧವಾಗಿ 2,904 ಡಾಲರು. ಪ್ರಸ್ತಾಪ ಬಿದ್ದುಹೋಯಿತು.

ಹಿಂದಿನ ಸಾಲಿನಲ್ಲಿ ಗುಸುಗುಸು. ತಲೆಯೆಣಿಕೆಯಲ್ಲಿ ಪರವಾಗಿದ್ದವರು ಹತ್ತು ಮಂದಿ, ವಿರೋಧಿಸಿದವರು ಆರೇ ಮಂದಿ. ಆದರೆ ಅಲ್ಲಿ ಎಣಿಸಿದ್ದು ತಲೆಗಳನ್ನಲ್ಲ.

ಈ ಬೀದಿ ಕಲ್ಪಿತ; ಕಾನೂನು ಮಾತ್ರ ನಿಜ. ಜನವರಿ ಬಂತೆಂದರೆ ನಮ್ಮಲ್ಲಿ ರಸ್ತೆ ಸುರಕ್ಷತೆಯ ಮಾಸಾಚರಣೆ ನಡೆಯುವುದಷ್ಟೆ. ಹೆಲ್ಮೆಟ್ಟಿನ ಜಾಥಾ, ಶಾಲಾಮಕ್ಕಳ ಘೋಷಣೆ, ಚಾಲಕನ ಹೊಣೆಯನ್ನೂ ಪಾದಚಾರಿಯ ಎಚ್ಚರವನ್ನೂ ಕುರಿತ ಭಾಷಣ, ಇವೆಲ್ಲವೂ ಇರುತ್ತವೆ. ಇಲ್ಲದಿರುವುದು ಖರ್ಚಿನ ಮಾತು. ಆ ಮಾತನ್ನು ಎತ್ತಿಕೊಂಡು, ಪೈಸೆ ಪೈಸೆಗೂ ಲೆಕ್ಕ ಹಾಕಿ, ಸುಪ್ರೀಂ ಕೋರ್ಟಿನವರೆಗೂ ಜಗಳಾಡಿದ ಅಮೆರಿಕದ ಜನ ಹೇಗೆ ನಡೆದುಕೊಂಡರೆಂಬುದು, ಆಚರಣೆಯ ಸಂದರ್ಭವಿರಲಿ ಬಿಡಲಿ, ತಿಳಿಯತಕ್ಕ ಸಂಗತಿ.

ಹೂಳೆತ್ತುವ ನ್ಯಾಯ

ಒಂದು ಸಾರ್ವಜನಿಕ ಕಾರ್ಯದಿಂದ ಯಾವ ಭೂಮಿಗೆ ವಿಶೇಷವಾದ ಪ್ರಯೋಜನವಾಗುವುದೋ ಆ ಭೂಮಿಯ ಒಡೆಯನೇ, ಪ್ರಯೋಜನದ ಪ್ರಮಾಣಕ್ಕೆ ತಕ್ಕಂತೆ, ಅದರ ವೆಚ್ಚವನ್ನು ಹೊರಬೇಕೆಂಬ ತತ್ತ್ವವು ಬಹು ಪ್ರಾಚೀನವಾದುದು. ಕಾಲುವೆಯ ನೀರು ಕುಡಿದ ಹೊಲದವನು ಕಾಲುವೆಯ ಹೂಳೆತ್ತಲು ಆಳು ಕೊಡಬೇಕೆಂದು ನಮ್ಮ ಹಳ್ಳಿಗಳಲ್ಲಿ ನಡೆದುಬಂದ ಕಟ್ಟಳೆಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಇಂಗ್ಲೆಂಡಿನಲ್ಲಿ 1427ರಷ್ಟು ಹಿಂದೆಯೇ, ಸಮುದ್ರದ ನೀರನ್ನು ತಡೆಯುವ ಒಡ್ಡುಗಳ ಖರ್ಚನ್ನು ಆ ಒಡ್ಡುಗಳಿಂದ ರಕ್ಷಣೆ ಪಡೆದ ಭೂಮಿಗಳ ಮೇಲೆ ಹಂಚುವ ಶಾಸನವಾಯಿತು. ಅದೇ ನ್ಯಾಯವು ಹಡಗೇರಿ ಅಮೆರಿಕವನ್ನು ಸೇರಿ, 1691ರಲ್ಲಿ ನ್ಯೂಯಾರ್ಕ್ ವಸಾಹತಿನ ಕಾನೂನಿನಲ್ಲಿ ಬೀದಿಗೂ ಚರಂಡಿಗೂ ಅನ್ವಯವಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಪಟ್ಟಣಗಳ ಕಲ್ಲುಹಾಸು, ಕಾಲುದಾರಿ, ಒಳಚರಂಡಿಗಳಲ್ಲಿ ಬಹುಭಾಗ ಎದ್ದದ್ದು ಈ ವಂತಿಗೆಯ ಬಲದಿಂದ. ಇದು ತೆರಿಗೆಯಲ್ಲ, ತೆರಿಗೆಯನ್ನು ಕೊಟ್ಟವನು ಪ್ರತಿಯಾಗಿ ಇಂಥದೇ ಬೇಕೆಂದು ಕೇಳಲಾರ, ವಂತಿಗೆ ಕೊಟ್ಟವನು ಕೇಳಬಲ್ಲ.

ಕೇಳಿದವಳೊಬ್ಬಳ ಕಥೆ ಸ್ವಾರಸ್ಯವಾಗಿದೆ. ಒಹಾಯೋ ರಾಜ್ಯದ ಸಿನ್ಸಿನಾಟಿಯ ಮಗ್ಗುಲಿಗಿರುವ ನಾರ್ವುಡ್ ಎಂಬ ಊರಿನವರು ಎಲೆನ್ ಬೇಕರ್ ಎಂಬಾಕೆಯ ಭೂಮಿಯ ನಡುವೆ 300 ಅಡಿ ಉದ್ದದ ಪಟ್ಟಿಯೊಂದನ್ನು ಸ್ವಾಧೀನಪಡಿಸಿಕೊಂಡು ಬೀದಿ ಮಾಡಿದರು; ಪಂಚರು ನಿರ್ಣಯಿಸಿದ 2,000 ಡಾಲರು ಪರಿಹಾರವನ್ನು ಸಲ್ಲಿಸಿದರು; ಅನಂತರ, ಆ ಬೀದಿಯಿಂದ ಪ್ರಯೋಜನವಾದುದು ಅದರ ಇಕ್ಕೆಲದಲ್ಲಿ ಉಳಿದ ಆಕೆಯ ಭೂಮಿಗೇ ಅಲ್ಲವೆ ಎಂದು ವಾದಿಸಿ, ಆ 2,000 ಡಾಲರನ್ನೂ ವ್ಯಾಜ್ಯದ ಖರ್ಚನ್ನೂ ವಂತಿಗೆಯಾಗಿ ಆಕೆಯ ಮೇಲೆಯೇ ಹೇರಿದರು. ಕೊಟ್ಟ ಕೈಯೇ ಕಸಿದುಕೊಂಡಿತು, ಮೇಲೆ ಕೂಲಿಯನ್ನೂ ಕೇಳಿತು.

1898ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆಕೆಯ ಪಕ್ಷ ವಹಿಸಿತು. ಪ್ರಯೋಜನವನ್ನು ಗಣನೀಯವಾಗಿ ಮೀರಿದ ವಂತಿಗೆಯು ಪರಿಹಾರವಿಲ್ಲದೆ ಸ್ವತ್ತನ್ನು ಕಿತ್ತುಕೊಂಡಂತೆಯೇ ಸರಿ ಎಂಬುದು ನ್ಯಾಯಮೂರ್ತಿ ಹಾರ್ಲನ್ ಅವರ ತೀರ್ಪಿನ ತಾತ್ಪರ್ಯ. ಮೂರೇ ವರ್ಷಗಳಲ್ಲಿ, ಕಾನ್ಸಾಸ್ ಸಿಟಿಯ ಡಾಂಬರು ರಸ್ತೆಯೊಂದರ ಮೊಕದ್ದಮೆಯಲ್ಲಿ, ಅದೇ ನ್ಯಾಯಾಲಯವು ಸ್ವಲ್ಪ ಹಿಂದೆ ಸರಿದು, ಬೀದಿಗೆ ಮುಖ ಮಾಡಿದ ಅಡಿಗಳ ಲೆಕ್ಕದಲ್ಲಿ ಖರ್ಚನ್ನು ಹಂಚುವುದು ತಪ್ಪಲ್ಲವೆಂದಿತು. ಅಂದಿನಿಂದ ಅಡಿಕೋಲೇ ನ್ಯಾಯದ ಕೋಲಾಯಿತು.

[ಬಾಕ್ಸ್] ಒಂದು ಬೀದಿಯ ಲೆಕ್ಕ

ಅಮೆರಿಕದಲ್ಲಿ ರಸ್ತೆಯುಬ್ಬೊಂದರ ಸರಾಸರಿ ವೆಚ್ಚ ಸುಮಾರು 2,640 ಡಾಲರೆಂದು ನಾರ್ತ್ ಕೆರೊಲಿನ ವಿಶ್ವವಿದ್ಯಾನಿಲಯದ ಸಂಶೋಧಕರು 2013ರಲ್ಲಿ ಲೆಕ್ಕ ಕೊಟ್ಟರು. ನಾಲ್ಕು ಉಬ್ಬಿಗೆ 10,560.

ಬೀದಿಯಲ್ಲಿ 50 ಅಡಿ ಮುಂಭಾಗದ 34 ಮನೆಗಳು, 300 ಅಡಿ ಮುಂಭಾಗದ ಒಂದು ಬಾಡಿಗೆ ಅಪಾರ್ಟ್‌ಮೆಂಟು. ಒಟ್ಟು 2,000 ಅಡಿ, ಅಡಿಗೆ 5.28 ಡಾಲರು. ಮನೆಯೊಂದಕ್ಕೆ 264. ಅಪಾರ್ಟ್‌ಮೆಂಟಿನ ಒಡೆಯನಿಗೆ 1,584.

ಮತ ಮರಳಿಸಿದವರು ಹದಿನಾರು ಮಂದಿ. ಪರವಾಗಿ ಹತ್ತು ಮನೆ: 2,640. ವಿರೋಧವಾಗಿ ಐದು ಮನೆ 1,320, ಅಪಾರ್ಟ್‌ಮೆಂಟು 1,584, ಕೂಡಿ 2,904. ಉಳಿದ ಹತ್ತೊಂಬತ್ತು ಮನೆಯವರ ಲಕೋಟೆಗಳು ಅಡಿಗೆಮನೆಯ ಮೇಜಿನ ಮೇಲೆಯೇ ಉಳಿದುವು.

ಉಬ್ಬೆಂಬ ಹೊಸ ಸರಕು

ಚರಂಡಿಗೂ ಕಲ್ಲುಹಾಸಿಗೂ ಹುಟ್ಟಿದ ಈ ನ್ಯಾಯವನ್ನು ವಾಹನಗಳ ವೇಗಕ್ಕೆ ಅನ್ವಯಿಸುವ ಪ್ರಸಂಗವು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಒದಗಿತು. ಕಾರುಗಳು ಹೆಚ್ಚಿ, ಹೆದ್ದಾರಿಗಳು ತುಂಬಿ, ಚಾಲಕರು ವಸತಿಯ ಬೀದಿಗಳಿಗೆ ನುಗ್ಗತೊಡಗಿದರು. ಸಿಯಾಟಲ್ ನಗರ 1973ರಲ್ಲಿ ಸ್ಟೀವನ್ಸ್ ಬಡಾವಣೆಯಲ್ಲಿ ತನ್ನ ಪ್ರಯೋಗಗಳನ್ನಾರಂಭಿಸಿತು. ಎರಡು ವರ್ಷಗಳ ತರುವಾಯ ಕ್ಯಾಲಿಫೋರ್ನಿಯದ ಬರ್ಕ್ಲಿಯವರು ಬೀದಿಗಳ ಕೂಡುದಾರಿಗಳಿಗೆ ಅಡ್ಡಗಟ್ಟೆಗಳನ್ನೇ ಇಟ್ಟರು.

ಬರ್ಕ್ಲಿಯ ಗಟ್ಟೆಗಳನ್ನು ಕೀಳಿಸಬೇಕೆಂದು ಎರಡು ಸಲ ಜನಮತ ನಡೆಯಿತು. ಎರಡು ಸಲವೂ ಗಟ್ಟೆಗಳೇ ಗೆದ್ದುವು. 1982ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಹೀಗೆ ಬೀದಿ ಕಟ್ಟಲು ನಗರಕ್ಕೆ ಅಧಿಕಾರವಿಲ್ಲವೆಂದಾಗ ಶಾಸನಸಭೆಯು ಕಾನೂನನ್ನೇ ತಿದ್ದಿ ಅಧಿಕಾರವನ್ನು ಕೊಟ್ಟಿತು. ಗಟ್ಟೆಯಿಲ್ಲದ ಬೀದಿಯವರು ಮಾತ್ರ, ಪಕ್ಕದ ಬೀದಿಯಿಂದ ತಮ್ಮ ಕಡೆಗೆ ಹೊರಳಿದ ಕಾರುಗಳನ್ನೆಣಿಸುತ್ತ, ಬೈಯುತ್ತಲೇ ಇದ್ದರು.

ಈ ಹೊರಳುವಿಕೆಯನ್ನು ಸ್ವಲ್ಪ ನಿಂತು ನೋಡಬೇಕು. ಚರಂಡಿ ತೋಡಿದರೆ ಪಕ್ಕದ ಬೀದಿಗೆ ಹಾನಿಯಿಲ್ಲ. ವೇಗವನ್ನು ತಡೆದರೆ, ತಡೆಗೆ ಸಿಕ್ಕಲೊಲ್ಲದ ಚಾಲಕನು ಮುಂದಿನ ತಿರುವಿನಲ್ಲಿ ಹೊರಳುತ್ತಾನೆ. ವಂತಿಗೆ ಕೊಡದ ಬೀದಿಯು ವಂತಿಗೆ ಕೊಟ್ಟ ಬೀದಿಯ ಕಾರುಗಳನ್ನು ಪುಕ್ಕಟೆಯಾಗಿ ಪಡೆಯುತ್ತದೆ. ಪ್ರಯೋಜನವನ್ನು ಅಳೆಯುವ ಶಾಸ್ತ್ರವುಂಟು. ಈ ಅಪ್ರಯೋಜನವನ್ನು ಅಳೆದು, ಪಕ್ಕದ ಬೀದಿಯವರಿಗೆ ತುಂಬಿಕೊಡುವ ಅಂಕಣವು ವಂತಿಗೆಯ ಪಟ್ಟಿಯಲ್ಲಿ ಇಲ್ಲ.

[ಬಾಕ್ಸ್] ನೊಬೆಲ್ ಪಡೆದವರ ಉಬ್ಬು

ಚದರಿದ ಕ್ಷ-ಕಿರಣಗಳ ತರಂಗಾಂತರ ಬದಲಾಗುವುದನ್ನು ಕಂಡುಹಿಡಿದು 1927ರ ನೊಬೆಲ್ ಪಾರಿತೋಷಿಕವನ್ನು ಹಂಚಿಕೊಂಡ ಆರ್ಥರ್ ಹಾಲಿ ಕಾಂಪ್ಟನ್ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಆವರಣದಲ್ಲಿ ಕಾರುಗಳ ಧಾವಂತವನ್ನು ಕಂಡು ಬೇಸತ್ತು 1953ರಲ್ಲಿ ರಸ್ತೆಯುಬ್ಬೊಂದನ್ನು ತಾವೇ ರೂಪಿಸಿದರು.

ಇಂದಿನ ಉಬ್ಬಿನ ಆಕಾರ ಮಾತ್ರ ಬ್ರಿಟನ್ನಿನ ಸಾರಿಗೆ ಸಂಶೋಧನಾಲಯದ ವಾಟ್ಸ್ ಎಂಬುವರದು: 1973ರ ಪ್ರಯೋಗ, 12 ಅಡಿ ಉದ್ದ, ವೃತ್ತಖಂಡದ ಬೆನ್ನು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಸೂತ್ರದಲ್ಲಿರುವ 3.7 ಮೀಟರು ಉದ್ದ, 10 ಸೆಂಟಿಮೀಟರು ಎತ್ತರದ ಉಬ್ಬು ಇದರ ಒಡಹುಟ್ಟು. ನಮ್ಮ ಬೀದಿಗಳಲ್ಲಿ ಬೆನ್ನು ಮುರಿಯುವ ಹಂಪುಗಳು ಯಾವ ಪುಸ್ತಕದ ಸಂತಾನವೋ ತಿಳಿಯದು.

ಖಜಾನೆ ಬರಿದಾದಾಗ

ಉಬ್ಬಿನ ಹಣಕ್ಕಾಗಿ ಸ್ವತ್ತುದಾರನ ಬಾಗಿಲನ್ನು ತಟ್ಟುವ ಅಗತ್ಯವೇಕೆ ಬಂತೆಂದರೆ, ಅದಕ್ಕೆ ಕ್ಯಾಲಿಫೋರ್ನಿಯದಲ್ಲಿ 1978ರಲ್ಲಿ ನಡೆದ ಒಂದು ಜನಮತವೇ ಮುಖ್ಯ ಕಾರಣ. ಹದಿಮೂರನೆಯ ಪ್ರಸ್ತಾಪವೆಂದು ಹೆಸರಾದ ಅದು ಆಸ್ತಿ ತೆರಿಗೆಯನ್ನು ಬೆಲೆಯ ಶೇಕಡಾ 1ಕ್ಕೆ ಕಟ್ಟಿಹಾಕಿ, ತೆರಿಗೆಗೆ ಹಿಡಿಯುವ ಬೆಲೆಯನ್ನು ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚಿಸಕೂಡದೆಂದಿತು. ಮನೆಯೊಡೆಯರು ನಿಟ್ಟುಸಿರು ಬಿಟ್ಟರು. ನಗರಸಭೆಗಳ ಬೊಕ್ಕಸ ಕುಗ್ಗಿತು. ತೆರಿಗೆಯೆಂದು ಕೇಳಲಾಗದುದನ್ನು ನಗರಸಭೆಗಳು ವಂತಿಗೆಯೆಂದು ಕೇಳತೊಡಗಿದುವು. ಉದ್ಯಾನ, ಬೀದಿದೀಪ, ಏನೇನೋ ಅದರ ಕೊಡೆಯ ಕೆಳಗೆ ಬಂದುವು.

ಜನ ಸುಮ್ಮನಿರಲಿಲ್ಲ. 1996ರ ನವೆಂಬರಿನಲ್ಲಿ 218ನೆಯ ಪ್ರಸ್ತಾಪವನ್ನು ಗೆಲ್ಲಿಸಿ, ವಂತಿಗೆಗೂ ಮೂಗುದಾರವನ್ನು ತೊಡಿಸಿದರು. ಅಂದಿನಿಂದ, ವಂತಿಗೆಯನ್ನು ವಿಧಿಸಬೇಕಾದರೆ ನೋಂದಾಯಿತ ಇಂಜಿನಿಯರೊಬ್ಬರು ವಿವರವಾದ ವರದಿಯನ್ನು ಬರೆಯಬೇಕು; ಪ್ರತಿಯೊಂದು ಸ್ವತ್ತಿಗೂ ಆಗುವ ವಿಶೇಷ ಪ್ರಯೋಜನವನ್ನು ಊರಿನ ಸಾಮಾನ್ಯ ಪ್ರಯೋಜನದಿಂದ ಬೇರ್ಪಡಿಸಬೇಕು; ಮತಪತ್ರವನ್ನು ಅಂಚೆಯಲ್ಲಿ ಕಳುಹಿಸಿ 45 ದಿನಗಳಾದರೂ ಕಳೆದ ಮೇಲೆ ಬಹಿರಂಗ ಸಭೆ ನಡೆಸಬೇಕು; ಬಂದ ಮತಗಳನ್ನು ಅವರವರ ಪಾಲಿನ ಹಣಕ್ಕನುಗುಣವಾಗಿ ತೂಗಿ, ವಿರೋಧದ ತೂಕ ಹೆಚ್ಚಾದರೆ ಕೈಬಿಡಬೇಕು. ಸರ್ಕಾರದ ಸ್ವತ್ತಿಗೂ ಸುಲಭವಾಗಿ ವಿನಾಯಿತಿಯಿಲ್ಲ. ಬೀದಿಯ ಮೂಲೆಯ ಸರ್ಕಾರಿ ಶಾಲೆಯೂ ಪಾಲು ತೆರಬೇಕು.

ಬೇರ್ಪಡಿಸಬೇಕೆಂದು ಹೇಳುವುದು ಸುಲಭ. ಒಬ್ಬ ಇಂಜಿನಿಯರು ಮೇಜಿನ ಮುಂದೆ ಕುಳಿತಿದ್ದಾನೆ. ಎದುರಿಗೆ ಬೀದಿಯ ನಕ್ಷೆ. ಕಾರುಗಳ ವೇಗ ತಗ್ಗಿದುದರಿಂದ ಹನ್ನೆರಡನೆಯ ನಂಬರಿನ ಮನೆಗೆ ಆದ ಪ್ರಯೋಜನವೆಷ್ಟು, ಆ ಮನೆಯ ಮುಂದೆ ನಾಯಿ ಹಿಡಿದು ಅಡ್ಡಾಡುವ ಆಚೆ ಬೀದಿಯವನಿಗೆ ಆದುದೆಷ್ಟು, ಸೈಕಲಿನಲ್ಲಿ ಶಾಲೆಗೆ ಹೋಗುವ ಹುಡುಗಿಗೆ ಆದುದೆಷ್ಟು? ಮೂಲೆಮನೆಯೊಂದಕ್ಕೆ ಎರಡು ಬೀದಿಗಳ ಮುಖವಿದೆ. ಅದನ್ನು ಐವತ್ತಡಿಯೆಂದು ಹಿಡಿಯುವುದೋ, ಉದ್ದದ ಮಗ್ಗುಲನ್ನೂ ಸೇರಿಸುವುದೋ? ನಾಳೆ ಪಕ್ಕದ ಬೀದಿಗೂ ಉಬ್ಬು ಬಂದರೆ ಮೂಲೆಮನೆಯವನು ಎರಡು ಸಲ ತೆರಬೇಕೋ?

‘ನಿಮ್ಮ ಮನೆಯ ಬೆಲೆ ಏರುತ್ತದಲ್ಲ’ ಎಂದು ಆತ ಹೇಳುವಂತೆಯೂ ಇಲ್ಲ. ಸ್ವತ್ತಿನ ಬೆಲೆ ಸಾಮಾನ್ಯವಾಗಿ ಏರುವುದನ್ನು ವಿಶೇಷ ಪ್ರಯೋಜನವೆಂದು ಗಣಿಸಕೂಡದೆಂದು 218ನೆಯ ಪ್ರಸ್ತಾಪವು ಸ್ಪಷ್ಟವಾಗಿ ವಿಧಿಸಿದೆ. ಅತ್ತ ಮಿನ್ನೆಸೋಟ ರಾಜ್ಯದಲ್ಲಿ, ವಂತಿಗೆಯು ಸ್ವತ್ತಿನ ಮಾರುಕಟ್ಟೆಯ ಬೆಲೆಯಲ್ಲಾದ ಏರಿಕೆಯನ್ನು ಮೀರಕೂಡದೆಂಬುದು ನ್ಯಾಯಾಲಯಗಳ ಅಳತೆಗೋಲು. ಒಂದು ರಾಜ್ಯದಲ್ಲಿ ಬೆಲೆಯೇ ಪ್ರಮಾಣ, ಇನ್ನೊಂದರಲ್ಲಿ ಬೆಲೆಯ ಮಾತೇ ನಿಷಿದ್ಧ. ಎರಡರಲ್ಲಿಯೂ ಕಾರುಗಳು ಒಂದೇ ವೇಗದಲ್ಲಿ ಓಡುತ್ತವೆ.

ಮತವಿಲ್ಲದವರು

ಇಷ್ಟು ಸೂಕ್ಷ್ಮವಾದ ತಕ್ಕಡಿಯಲ್ಲಿ ಯಾರು ತೂಗಲ್ಪಡುವುದಿಲ್ಲವೆಂಬುದೇ ನನಗೆ ಮುಖ್ಯವಾಗಿ ತೋರುತ್ತದೆ. ನಮ್ಮ ಕಲ್ಪಿತ ಬೀದಿಯ ಅಪಾರ್ಟ್‌ಮೆಂಟಿನಲ್ಲಿ ನಾಲ್ವತ್ತೋ ಐವತ್ತೋ ಸಂಸಾರಗಳಿರಬಹುದು. ವಂತಿಗೆಯನ್ನು ನೇರವಾಗಿ ತೆರುವ ಹೊಣೆ ಕರಾರಿನಲ್ಲಿದ್ದ ಹೊರತು ಬಾಡಿಗೆದಾರನಿಗೆ ಮತವಿಲ್ಲ. ಒಡೆಯನು ಬೇರೆ ಊರಿನಲ್ಲಿದ್ದು, 1,584 ಡಾಲರು ದಂಡವೆಂದು ಭಾವಿಸಿ ‘ಬೇಡ’ ಎಂದು ಗೀಚಿದರೆ, ಅವನ ಕಟ್ಟಡದ ಮೆಟ್ಟಿಲಿಳಿದು ಅದೇ ಬೀದಿಯನ್ನು ದಾಟತಕ್ಕ ಮಕ್ಕಳೆಲ್ಲರ ಪರವಾಗಿ ಆರು ಮನೆಗಳ ತೂಕದ ಮತ ಬಿದ್ದಂತಾಯಿತು.

ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ವಿದ್ವಾಂಸರು ಸ್ಯಾನ್ ಫ್ರಾನ್ಸಿಸ್ಕೋದ ಮೂರು ಬೀದಿಗಳನ್ನು ಹೋಲಿಸಿ ನೋಡಿದರು. ಅಗಲ ಒಂದೇ ತೆರನಾದುದು. ದಿನಕ್ಕೆ ಒಂದರಲ್ಲಿ ಸುಮಾರು 2,000 ವಾಹನ, ಇನ್ನೊಂದರಲ್ಲಿ 8,000, ಮೂರನೆಯದರಲ್ಲಿ 16,000. ಕಡಿಮೆ ವಾಹನದ ಬೀದಿಯವನಿಗೆ ಆ ಬೀದಿಯಲ್ಲಿ ಸರಾಸರಿ ಮೂವರು ಸ್ನೇಹಿತರು. ಹೆಚ್ಚು ವಾಹನದ ಬೀದಿಯವನಿಗೆ ಒಬ್ಬನೂ ಪೂರ್ತಿ ಇಲ್ಲ. ನಿವಾಸಿಗಳಿಗೆ ತಾವು ‘ನಮ್ಮ ಮನೆ’ಯೆಂದು ಭಾವಿಸುವ ಎಲ್ಲೆಯನ್ನು ನಕ್ಷೆಯಲ್ಲಿ ಬರೆಯಹೇಳಿದಾಗ, ಮೊದಲಿನ ಬೀದಿಯವರು ಎದುರುಸಾಲನ್ನೂ ಸೇರಿಸಿಕೊಂಡರು; ಕೊನೆಯ ಬೀದಿಯವರು ತಮ್ಮ ಹೊಸಿಲಿನೊಳಗೇ ಗೆರೆಯೆಳೆದರು.

ಈ ಅಧ್ಯಯನವನ್ನು ಉದ್ಧರಿಸುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಅಂಶವೊಂದುಂಟು: ಕಡಿಮೆ ವಾಹನದ ಬೀದಿಯಲ್ಲಿ ಬಹುಕಾಲದಿಂದ ನೆಲೆನಿಂತ ಮಕ್ಕಳೊಂದಿಗರು ಹೆಚ್ಚು, ವಾಹನ ದಟ್ಟೈಸಿದ ಬೀದಿಯಲ್ಲಿ ಬಂದುಹೋಗುವ ಬಾಡಿಗೆದಾರರು ಹೆಚ್ಚು. ಉಬ್ಬು ಅತ್ಯಂತ ಅಗತ್ಯವಾಗಿರುವ ಬೀದಿಯಲ್ಲಿಯೇ ಮತವಿರುವವರು ಅತ್ಯಲ್ಪವೆಂದಾಯಿತು. ಆಪಲ್‌ಯಾರ್ಡರ ಗ್ರಂಥ 1981ರಲ್ಲಿ ಪ್ರಕಟವಾಯಿತು. ಮರುವರ್ಷ ಅಥೆನ್ಸ್ ನಗರದಲ್ಲಿ ವೇಗವಾಗಿ ಬಂದ ಕಾರೊಂದು ಅವರನ್ನು ಬಲಿ ತೆಗೆದುಕೊಂಡಿತು.

ಉಬ್ಬು ಬರಿಯ ಆಡಂಬರವೂ ಅಲ್ಲ. ಕ್ಯಾಲಿಫೋರ್ನಿಯದ ಓಕ್ಲೆಂಡ್ ನಗರದ ಮಕ್ಕಳನ್ನು ಕುರಿತು 2004ರಲ್ಲಿ ಪ್ರಕಟವಾದ ವೈದ್ಯಕೀಯ ಅಧ್ಯಯನದಲ್ಲಿ, ಉಬ್ಬಿನ ಸಮೀಪದಲ್ಲಿ ವಾಸಿಸುವ ಮಕ್ಕಳು ತಮ್ಮ ನೆರೆಯಲ್ಲಿ ಕಾರು ಬಡಿದು ಗಾಯಗೊಳ್ಳುವ ಇಲ್ಲವೆ ಸಾಯುವ ಸಂಭವವು ಉಳಿದವರದರ ಅರ್ಧಕ್ಕಿಂತಲೂ ಕಡಿಮೆಯೆಂದು ಕಂಡುಬಂದಿತು. ಅಗ್ನಿಶಾಮಕದವರ ಆಕ್ಷೇಪವೂ ಉಂಟು. ಪ್ರತಿಯೊಂದು ಉಬ್ಬೂ ಅವರ ಬಂಡಿಯನ್ನು ಕೆಲವು ಸೆಕೆಂಡು ತಡೆಯುತ್ತದೆ. ಅದು ತಳ್ಳಿಹಾಕುವ ಮಾತಲ್ಲ.

ಹಾಗೆಂದು ವಂತಿಗೆಯ ಪಕ್ಷದಲ್ಲಿ ಏನೂ ಇಲ್ಲವೆಂದಲ್ಲ. ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ, 1990ರ ದಶಕದಲ್ಲಿ, ನಗರದ ಸರದಿಯ ಪಟ್ಟಿಯಲ್ಲಿ ಕಾಯಲೊಲ್ಲದ ಬೀದಿಯವರು ತಾವೇ ಹಣ ಕೂಡಿಸಿ ಉಬ್ಬುಗಳನ್ನು ಕೊಳ್ಳುವ ಏರ್ಪಾಡಿತ್ತು. ಕೂಡಿಸಲು ಹಣವಿದ್ದವರಿಗೆ ಅದು ನಿಜವಾಗಿಯೂ ಅನುಕೂಲವಾಯಿತು. ಹಣವಿಲ್ಲದ ಬೀದಿಗಳಿಗೆ ಪಟ್ಟಿಯೊಂದೇ ಗತಿ.

ನನಗೆ ಹೆಚ್ಚು ಮೆಚ್ಚಿಕೆಯಾದುದು ಸಿಯಾಟಲಿನ ರೀತಿ. ಬೀದಿಗಳು ಕೂಡುವೆಡೆಯ ನಡುವೆ ಪುಟ್ಟ ವೃತ್ತಗಳನ್ನು ಕಟ್ಟಲು ಅಲ್ಲಿ ಸುತ್ತಣ ನಿವಾಸಿಗಳಲ್ಲಿ ಶೇಕಡಾ 60 ಮಂದಿಯ ರುಜು ಬೇಕಾಗಿತ್ತು. ಹಣವನ್ನು ನಗರವೇ ಕೊಡುತ್ತಿತ್ತು. ಕಟ್ಟಿದ ವೃತ್ತದ ಮಣ್ಣಿನಲ್ಲಿ ಗಿಡ ನೆಟ್ಟು, ನೀರೆರೆದು, ಕಳೆ ಕೀಳುವ ಹೊಣೆ ನೆರೆಯವರದು. ಇಂಥ ವೃತ್ತಗಳು ಅಲ್ಲಿ ಸಾವಿರಕ್ಕೂ ಮಿಕ್ಕಿವೆ. ಒಪ್ಪಿಗೆಯನ್ನೂ ಮೈದುಡಿಮೆಯನ್ನೂ ಬೀದಿಯವರಿಂದ ಪಡೆದು, ಹಣವನ್ನು ಮಾತ್ರ ಊರಿನ ಚೀಲದಿಂದ ತೆಗೆದರೆ, ತಕ್ಕಡಿಯ ರಗಳೆಯೇ ತಪ್ಪುತ್ತದೆ. ಚರಂಡಿಯ ಖರ್ಚನ್ನು ಅಡಿಕೋಲಿನಿಂದ ಅಳೆಯಲಿ. ಅದು ಮನೆಗೆ ಅಂಟಿಕೊಂಡದ್ದು. ಕಾರಿನ ವೇಗದಿಂದ ಅಪಾಯಕ್ಕೀಡಾಗುವವನು ನಡೆಯುತ್ತಿರುವ ಮನುಷ್ಯ. ಅವನಿಗೆ ಮುಂಭಾಗದ ಅಡಿಗಳಿಲ್ಲ.

ನಮ್ಮ ಬೀದಿಗೆ ಬಂದರೆ

ಕರ್ನಾಟಕಕ್ಕೆ ಈ ತತ್ತ್ವ ಅಪರಿಚಿತವಲ್ಲ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಲ್ಲಿ, ಅಭಿವೃದ್ಧಿಯಿಂದ ಸ್ವತ್ತಿಗೆ ಒದಗುವ ಲಾಭಕ್ಕೆ ಪ್ರತಿಯಾಗಿ ಶುಲ್ಕ ವಿಧಿಸುವ ಅಧಿಕಾರವಿದೆ. ಬೆಂಗಳೂರಿನಲ್ಲಿ ರೆವಿನ್ಯೂ ಸೈಟು ಕೊಂಡು ಖಾತೆಗಾಗಿ ಅಲೆದವರೆಲ್ಲರೂ ಬೆಟರ್‌ಮೆಂಟ್ ಚಾರ್ಜ್ ಎಂಬುದರ ರುಚಿ ಬಲ್ಲವರೇ. ಆದರೆ ಆ ಹಣವು ಯಾವ ಬೀದಿಯ ಯಾವ ಕೆಲಸಕ್ಕೆ ಹೋಯಿತೆಂದು ತಿಳಿಸುವ ಇಂಜಿನಿಯರ ವರದಿಯಾಗಲಿ, ಮೊಹರಾದ ಲಕೋಟೆಯಾಗಲಿ ನಮ್ಮಲ್ಲಿಲ್ಲ.

ಹಂಪುಗಳ ಮಾತಂತೂ ಬೇರೆಯೇ. ಅಪಘಾತವಾದ ಮರುದಿನ ಜನ ರಸ್ತೆಗಿಳಿದು ಕೂಗುತ್ತಾರೆ. ಸಂಜೆಯೊಳಗೆ ಹಂಪು ಎದ್ದಿರುತ್ತದೆ. ಕೆಲವೆಡೆ ಬೀದಿಯವರೇ ಮನೆಗಿಷ್ಟೆಂದು ಚಂದಾ ಎತ್ತಿ, ಮನೆ ಕಟ್ಟಿ ಉಳಿದ ಸಿಮೆಂಟಿನಿಂದ, ಬಣ್ಣವಾಗಲಿ ಫಲಕವಾಗಲಿ ಇಲ್ಲದ ದಿಬ್ಬವನ್ನು ರಾತ್ರೋರಾತ್ರಿ ಹಾಕಿಸುತ್ತಾರೆ. ಬೈಕಿನ ಸವಾರ ಅದನ್ನು ಕತ್ತಲಲ್ಲಿ ಕಾಣದೆ ಹಾರಿ ಬೀಳುತ್ತಾನೆ. ವಂತಿಗೆಯ ಪದ್ಧತಿ ನಮ್ಮಲ್ಲಿಯೂ ಇದೆಯೆಂದೇ ಹೇಳಬೇಕು. ಅಡಿಕೋಲು, ವರದಿ, ವಿಚಾರಣೆಗಳು ಇಲ್ಲ, ಅಷ್ಟೆ.

ಕಾನೂನುಬದ್ಧವಾಗಿಯೇ ಕ್ಯಾಲಿಫೋರ್ನಿಯದ ಕ್ರಮವನ್ನು ತಂದೆವೆಂದಿಟ್ಟುಕೊಳ್ಳೋಣ. ಜಯನಗರದ ಒಂದು ಅಡ್ಡರಸ್ತೆ. ಖಾತೆದಾರರ ಪಟ್ಟಿ ತೆಗೆಯಲಾಗಿ, ಮೂರಂತಸ್ತಿನ ಒಂದು ಮನೆಯ ಒಡೆಯರು ಇಪ್ಪತ್ತು ವರ್ಷಗಳಿಂದ ಕ್ಯಾಲಿಫೋರ್ನಿಯದ ಫ್ರೀಮಾಂಟಿನಲ್ಲಿ ನೆಲೆಸಿದ್ದಾರೆ. ಮೂರು ಅಂತಸ್ತಿನಲ್ಲಿಯೂ ಬಾಡಿಗೆಯವರು. ಅವರ ಮತಪತ್ರವನ್ನು ಜಯನಗರದ ಅಂಚೆಕಚೇರಿಯಿಂದ ಫ್ರೀಮಾಂಟಿಗೆ ಕಳುಹಿಸಬೇಕಾದೀತು. ಅಲ್ಲಿ ಅದು, ಅವರ ಅಲ್ಲಿನ ಬೀದಿಗೂ ಉಬ್ಬು ಬೇಕೇ ಎಂದು ಕೇಳುವ ಆ ಊರಿನ ಲಕೋಟೆಯೊಂದರ ಪಕ್ಕದಲ್ಲಿಯೇ ಬಿದ್ದಿದ್ದರೂ ಆಶ್ಚರ್ಯವಿಲ್ಲ.